ತ್ರೀ ನಾಟ್ ತ್ರೀಗೆ ಕನ್ನಡಕ

ನನಗೊಂದು ಚಟವಿದೆ. ಹೇಳಿಕೊಳ್ಳುವಂಥದ್ದಲ್ಲ, ಆದರೆ ಮುಚ್ಚಿಡಲು ಆಗುವಂಥದ್ದೂ ಅಲ್ಲ. ಮಿಶಿಗನ್ನಿನ ಕ್ಯಾಂಟನ್ ಊರಿನ ನಮ್ಮ ಮನೆಗೆ ಒಮ್ಮೆ ಬಂದು ಹೋದವರಿಗೆಲ್ಲ ಅದು ಗೊತ್ತು. ಬೀಗ ಹಾಕಿದ ಮೇಲೆ ಹಿಡಿಯನ್ನು ಜಗ್ಗಿ ನೋಡುತ್ತೇನೆ. ಕಾರಿನವರೆಗೆ ಹೋಗಿ ವಾಪಸು ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಒಮ್ಮೆ ಗ್ಲೆಂಡೇಲ್ ಹೈಟ್ಸಿನಲ್ಲಿರುವ ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಹೊರಟಿದ್ದೆವು. ಕಲಮಜೂ ದಾಟುವ ಹೊತ್ತಿಗೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಹುಳ ತಲೆಗೆ ಹೊಕ್ಕಿತು. ನೂರಿಪ್ಪತ್ತು ಮೈಲಿ ಹಿಂದಕ್ಕೆ ಬಂದೆ. ಒಲೆ ತಣ್ಣಗೆ ಕೂತಿತ್ತು. ಮತ್ತೆ ಹೊರಟು ನಾವು ಅಲ್ಲಿ ತಲುಪಿದಾಗ ಅವರು ಊಟದ ಎಲೆ ಎತ್ತಿ, ಉಳಿದ ಹೋಳಿಗೆಗೆ ಡಬ್ಬಿ ಹುಡುಕುತ್ತಿದ್ದರು. ನನ್ನ ಹೆಂಡತಿ ಶೈಲಾ ಆ ದಿನ ಮಾತಾಡಲಿಲ್ಲ. ಮರುದಿನದಿಂದ ಮಾತಾಡಿದ್ದು ಇಂದಿಗೂ ನಿಂತಿಲ್ಲ.

ತಪ್ಪು ನನ್ನೊಬ್ಬನದೇ ಅಲ್ಲ. ನಮ್ಮಪ್ಪ ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದರು. ಬಿಗಿದ ನಟ್ಟನ್ನು ಮತ್ತೆ ಮುಟ್ಟಿ ನೋಡದೆ ಬಸ್ಸಿನಡಿಯಿಂದ ಈಚೆಗೆ ಬಂದವರಲ್ಲ. ಆಯುಧಪೂಜೆಯ ದಿನ ಮನೆಯಲ್ಲಿದ್ದ ಸ್ಪ್ಯಾನರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿಸುತ್ತಿದ್ದರು. ಒಂದೊಂದಕ್ಕೂ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಅಷ್ಟನ್ನೂ ಬಟ್ಟೆಯಿಂದ ಒರೆಸಿಯೇ ಚೀಲಕ್ಕೆ ಹಾಕುವರು. "ದೇವರಿಗೆ ಇಟ್ಟಿದ್ದು ದೇವರಿಗೆ ಸೇರ್ತು, ನಟ್ಟಿಗೆ ಸೇರಬಾರ್ದು" ಎನ್ನುತ್ತಿದ್ದರು. ಸೀಮೆಎಣ್ಣೆ ಮತ್ತು ಗಂಧ ಬೆರೆತ ಆ ವಾಸನೆಯೇ ನನಗೆ ನವರಾತ್ರಿಯ ವಾಸನೆ.

ಮುಂದೆ ನಾನು ಹೊಟ್ಟೆಪಾಡಿಗೆ ಆರಿಸಿಕೊಂಡ ಕೆಲಸವೂ ಅನುಮಾನದ್ದೇ. ಕಾರಿನ ಬಾಗಿಲುಗಳನ್ನು ಬೆಸೆಯುವಾಗ ಅಲುಗದಂತೆ ಹಿಡಿದುಕೊಳ್ಳುವ ಫಿಕ್ಸ್ಚರುಗಳನ್ನು ನಾನು ರೂಪಿಸುತ್ತೇನೆ. ಹಿಡಿಯುವ ಜಾಗದಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಬಾಗಿಲಿನ ಇನ್ನೊಂದು ತುದಿ ಎಲ್ಲೋ ಹೋಗಿ ನಿಲ್ಲುತ್ತದೆ. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ, ಬಿಗಿಯುವ ಮುಂಚೆ ಒರೆಸು. ಎರಡನೆಯ ಪಾಠವೂ ಅದೇ. ಹೀಗಿರುವ ನನಗೆ ಪೂಣಚ್ಚ ಅಂಕಲ್ ತಮ್ಮ ಬಂದೂಕನ್ನು ಒಪ್ಪಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ಮೊಟ್ಟೆಯನ್ನೂ ಮುಟ್ಟದ ನಾನು ಅದನ್ನು ಒಪ್ಪಿಕೊಂಡದ್ದು.

ಪೂಣಚ್ಚ ಅಂಕಲ್ ನಮ್ಮ ಪಕ್ಕದ ಬಡಾವಣೆಯವರು. ಗೋಣಿಕೊಪ್ಪದ ಕಡೆಯ ಕೊಡವರು, ಎಪ್ಪತ್ತಾರು ದಾಟಿದವರು, ಕಾರಿನ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಇಪ್ಪತ್ತಾರು ವರ್ಷದ ಹಿಂದೆ ಎರಡು ಸೂಟ್‌ಕೇಸು, ಒಂದು ತೆಳು ಸ್ವೆಟರಿನೊಂದಿಗೆ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ನಡುಗುತ್ತಾ ನಿಂತಿದ್ದ ನನ್ನನ್ನು ತಮ್ಮ ಕೋಟು ಬಿಚ್ಚಿ ಹೊದಿಸಿ ಮನೆಗೆ ಕರೆದೊಯ್ದವರು ಅವರು. ಅವರಲ್ಲೊಂದು ಹಳೆಯ ತ್ರೀ ನಾಟ್ ತ್ರೀ ರೈಫಲ್ ಇದೆ. ಮಹಾಯುದ್ಧ ಮುಗಿದ ಮೇಲೆ ಸೈನ್ಯಗಳಿಗೆ ಬೇಡವಾದ ಬಂದೂಕುಗಳು ಮರದ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಅಮೆರಿಕದ ಅಂಗಡಿಗಳಿಗೆ ಬಂದವಂತೆ. ಅವರ ತಂದೆ ಸೈನ್ಯದಲ್ಲಿ ಹೆಗಲಿಗೇರಿಸಿದ್ದು ಇದೇ ಜಾತಿಯ ಬಂದೂಕು. ಹಾಗಾಗಿ ಕಂಡ ದಿನವೇ ಕೊಂಡರು. ಪ್ರತಿ ನವೆಂಬರ್ ಹದಿನೈದಕ್ಕೆ, ಅಂದರೆ ಮಿಶಿಗನ್ನಿನಲ್ಲಿ ಜಿಂಕೆ ಬೇಟೆಯ ಸೀಸನ್ ತೆರೆಯುವ ದಿನ, ಉತ್ತರದ ಕಾಡಿನಲ್ಲಿರುವ ತಮ್ಮ ಕ್ಯಾಬಿನ್ನಿಗೆ ಅದನ್ನು ಒಯ್ಯುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ನಮ್ಮ ಮನೆಗೆ ಬಂದು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

"ಕಣ್ಣು ಕೈ ಕೊಡ್ತು ಮಾರಾಯ. ಬಂದೂಕಿನ ಹಿಂದಿನ ತೂತು ಕಂಡ್ರೆ ತುದಿಯ ಕಡ್ಡಿ ಕಾಣೋದಿಲ್ಲ. ಕಡ್ಡಿ ಕಂಡ್ರೆ ಜಿಂಕೆ ಮಂಜು ಮಂಜು. ಮುಂದಿನ ವರ್ಷ ಡ್ರೈವಿಂಗೂ ಬೇಡ ಅಂದಿದಾರೆ ಡಾಕ್ಟ್ರು. ಇದೊಂದು ಸೀಸನ್ನು. ಗುರಿ ನೋಡೋ ದುರ್ಬೀನು ಬರ್ತದಲ್ಲ, ಸ್ಕೋಪು, ಅದನ್ನ ಕೂರಿಸಿ ಕೊಡ್ತೀಯಾ?"

"ಅಂಕಲ್, ಅದಕ್ಕೆ ಗನ್ ಅಂಗಡಿಯವರು ಇದಾರಲ್ಲ."

"ಅವರು ಬೇಗ ಮಾಡ್ತಾರೆ. ನಂಗೆ ಸರಿಯಾಗಿ ಮಾಡೋನು ಬೇಕು."

ಹೊಗಳಿಕೆಗೆ ಉಬ್ಬಿಹೋದೆ ಎಂದು ಬೇರೆ ಹೇಳಬೇಕಿಲ್ಲ. ಶೈಲಾ ಮಾತ್ರ ಅವರು ಹೋದ ಮೇಲೆ ಶುರು ಮಾಡಿದಳು. "ಜಿಂಕೆ ಕೊಲ್ಲೋಕೆ ಬಂದೂಕಿಗೆ ಕನ್ನಡಕ ಮಾಡಿಕೊಡ್ತೀರಾ? ಮಾಡಿ. ಆದ್ರೆ ಅದು ಈ ಮನೆ ಹೊಸ್ತಿಲು ದಾಟಕೂಡದು." ಹಾಗಾಗಿ ಕೆಲಸವೆಲ್ಲ ಅಂಕಲ್ಲರ ಗರಾಜಿನಲ್ಲೇ ನಡೆಯಿತು.

ನಾನು ಯಾಕೆ ಹೆದರುತ್ತಿದ್ದೆ ಎಂಬುದನ್ನು ಹೇಳಬೇಕು. ತುಂಬಾ ವರ್ಷಗಳ ಹಿಂದೆ ಅಂಕಲ್ ಒಂದು ಹೆಣ್ಣು ಜಿಂಕೆಗೆ ಮಸುಕು ಬೆಳಕಿನಲ್ಲಿ ಅಂದಾಜಿನ ಮೇಲೆ ಹೊಡೆದಿದ್ದರು. ಗುಂಡು ತಾಗಿತು, ಜಿಂಕೆ ಬೀಳಲಿಲ್ಲ. ರಕ್ತದ ಹನಿ ನೋಡಿಕೊಂಡು ಒಂದು ಹಗಲೆಲ್ಲ ಹಿಮದಲ್ಲಿ ನಡೆದರು. ಸಿಗಲಿಲ್ಲ. ಅದಾದ ಮೇಲೆ ನಾಲ್ಕು ವರ್ಷ ಬಂದೂಕನ್ನು ಮುಟ್ಟಲಿಲ್ಲವಂತೆ. ಈ ಕಥೆಯನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ, ಎರಡು ಸಲವೂ ಕೊನೆಯಲ್ಲಿ ಎದ್ದು ಹೊರಗೆ ಹೋಗಿದ್ದಾರೆ. ನಾನು ಕೂರಿಸುವ ಸ್ಕೋಪು ಒಂದಿಷ್ಟು ಸೊಟ್ಟಗಾದರೆ ಅವರ ಕೊನೆಯ ಗುಂಡೂ ಅದೇ ದಾರಿ ಹಿಡಿಯುತ್ತದೆ. ಅದನ್ನು ಮರೆಯಲು ಅವರಲ್ಲಿ ಇನ್ನು ನಾಲ್ಕು ವರ್ಷಗಳಿಲ್ಲ.

ಸ್ಕೋಪಿಗೆ ಮೊದಲು ಬೇಸ್ ಎಂಬ ಉಕ್ಕಿನ ಪಟ್ಟಿ ಬೇಕು. ಅದು ಬಂದೂಕಿನ ಮೈಗೆ ಕೂತು, ಅದರ ಮೇಲೆ ರಿಂಗುಗಳು, ರಿಂಗಿನೊಳಗೆ ಸ್ಕೋಪು. ಬೇಸ್ ಕೂರಬೇಕಾದರೆ ಗುರಿ ನೋಡುವ ಹಿಂದಿನ ಹಳೆಯ ತೂತಿನ ಭಾಗವನ್ನು ತೆಗೆದು, ಎಂಬತ್ತು ವರ್ಷದ ಗಟ್ಟಿ ಉಕ್ಕಿಗೆ ಎರಡು ತೂತು ಕೊರೆಯಬೇಕು. ಕೊರೆದ ತೂತನ್ನು ಮುಚ್ಚಲು ಆಗುವುದಿಲ್ಲ. ನಾಲ್ಕು ಶನಿವಾರ ಅಳೆದೆ. ಐದನೆಯ ಶನಿವಾರ ಅಂಕಲ್, "ಅಳೆದು ಅಳೆದು ಉಕ್ಕು ಸವೆದೀತು, ಹಾಕು ಇನ್ನು" ಎಂದು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಡ್ರಿಲ್ಲು ಮೊದಲು ಜಾರಿತು, ಕಿರುಚಿತು, ಆಮೇಲೆ ಕಚ್ಚಿಕೊಂಡಿತು. ಎರಡನೆಯ ತೂತು ಮುಗಿದಾಗಲೂ ಅವರು ತಿರುಗಲಿಲ್ಲ, "ಆಯ್ತಾ?" ಎಂದು ಗೋಡೆಯನ್ನೇ ಕೇಳಿದರು.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಕೈಲ್‌ಪೊಳ್ದ್ ಬಂತು. ಕೊಡವರ ಆಯುಧಪೂಜೆ ನಮ್ಮದಕ್ಕಿಂತ ಮುಂಚೆಯೇ ಬರುತ್ತದೆ. ಅಂಕಲ್ ಮತ್ತು ಮುತ್ತಮ್ಮ ಆಂಟಿ ಬೇಸ್‌ಮೆಂಟಿನಲ್ಲಿ ಬಾಳೆಲೆ ಹಾಸಿ ಬಂದೂಕು, ಒಡಿಕತ್ತಿ ಇಟ್ಟರು. ಊರಿನಲ್ಲಾದರೆ ಕೋವಿಯ ಬಾಯಿಗೆ ತೋಕ್ ಪೂ ಎಂಬ ಕೆಂಪು ಹೂವನ್ನು ಸಿಕ್ಕಿಸುತ್ತಾರಂತೆ. ಇಲ್ಲಿ ಅಂಗಡಿಯ ಚೆಂಡುಹೂವು. ಇನ್ನೂ ಜೋಡಿಸದ ಬೇಸ್, ರಿಂಗು, ಸ್ಕ್ರೂ, ಸ್ಕೋಪು ಎಲ್ಲವನ್ನೂ ಪಕ್ಕದಲ್ಲೇ ಇಟ್ಟು ಅಂಕಲ್ ಒಂದೊಂದಕ್ಕೂ ಗಂಧದ ಬೊಟ್ಟು ಇಟ್ಟರು. ನಾನು ಫೋಟೋ ತೆಗೆದೆ. ಅವರಿಗೆ ಹಂದಿಮಾಂಸದ ಪಂದಿ ಕರಿ, ನಮಗೆಂದು ಬೇರೆ ಪಾತ್ರೆಯಲ್ಲಿ ಕುಂಬಳಕಾಯಿ ಕರಿ, ಎಲ್ಲರಿಗೂ ಅಕ್ಕಿತರಿಯ ಉಂಡೆ ಕಡುಂಬಿಟ್ಟು. ಮುಂದಿನ ಶನಿವಾರ ಅವರ ಗರಾಜಿನಲ್ಲಿ ಸ್ಕೋಪನ್ನು ಕೂರಿಸಿದೆ. ಆ ದಿನವೂ ಆಂಟಿಯ ಮನೆಯಲ್ಲೇ ಊಟ.

ಅಕ್ಟೋಬರಿನಲ್ಲಿ ಮೂರು ಸಲ ಶೂಟಿಂಗ್ ರೇಂಜಿಗೆ ಹೋದೆವು. ನೂರು ಗಜದಲ್ಲಿ ಕಾಗದ ಕಟ್ಟಿ, ಹೊಡೆದು, ಸ್ಕೋಪಿನ ತಿರುಪು ತಿರುಗಿಸಿ, ಮತ್ತೆ ಹೊಡೆದು, ಕೊನೆಗೆ ಗುಂಡು ನೋಡಿದ ಕಡೆಗೇ ಹೋಗುವಂತಾಯಿತು. ಕೊನೆಯ ದಿನ ಐದು ಗುಂಡುಗಳಲ್ಲಿ ನಾಲ್ಕು ನಿಂಬೆಹಣ್ಣಿನಷ್ಟು ಜಾಗದಲ್ಲಿ ಬಿದ್ದವು. ಐದನೆಯದು ನಾಲ್ಕು ಬೆರಳು ಆಚೆ. "ಅದು ನಂದು, ಉಸಿರು ಬಿಟ್ಟೆ" ಎಂದರು ಅಂಕಲ್. ನಂಬಿದೆ.

ನವೆಂಬರ್ ಹದಿನಾಲ್ಕರ ಮಧ್ಯಾಹ್ನ, ಮನೆಯಿಂದಲೇ ಕೆಲಸ ಮಾಡುತ್ತಿದ್ದವನು ಊಟಕ್ಕೆ ಎದ್ದೆ. ಅಂಕಲ್ ಬೆಳಿಗ್ಗೆಯೇ ಉತ್ತರಕ್ಕೆ ಹೊರಟುಹೋಗಿದ್ದರು. ಅವರಿಗೆ ಶುಭವಾಗಲಿ ಅಂತ ಕಳಿಸೋಣವೆಂದು ಫೋನಿನಲ್ಲಿ ಕೈಲ್‌ಪೊಳ್ದ್‌ನ ಫೋಟೋ ಹುಡುಕಿದೆ. ಸಿಕ್ಕಿತು. ಬೆರಳಿನಿಂದ ದೊಡ್ಡದು ಮಾಡಿದೆ. ಬಾಳೆಲೆಯ ಮೇಲೆ ಬೇಸ್ ಬೋರಲಾಗಿ ಮಲಗಿತ್ತು. ಬಂದೂಕಿನ ಮೈಗೆ ಅಂಟಿ ಕೂರಬೇಕಾದ ಅದರ ಮುಖ ಮೇಲಕ್ಕಿತ್ತು. ಆ ಮುಖದ ನಟ್ಟ ನಡುವೆ, ಉಂಗುರ ಬೆರಳಿನಗಲದ ಗಂಧದ ಬೊಟ್ಟು.

ಅನ್ನ ಕಲಸಿದ ಕೈ ಹಾಗೇ ನಿಂತಿತು. ಅದನ್ನು ಒರೆಸಿದ್ದೆನೇ? ಒರೆಸಿಯೇ ಇರುತ್ತೇನೆ. ಆದರೆ ನೆನಪಾಗಲಿಲ್ಲ. ಸ್ಕೋಪಿನ ಗಾಜು ಒರೆಸಿದ್ದು ನೆನಪಿದೆ, ರಿಂಗಿನ ಮೇಲಿನ ಗಂಧ ತೆಗೆದದ್ದು ನೆನಪಿದೆ, ಬೇಸ್‌ನ ಅಡಿ ಮಾತ್ರ ಎಷ್ಟು ಯೋಚಿಸಿದರೂ ಖಾಲಿ. ಒಣಗಿದ ಗಂಧ ಪ್ರತಿ ಗುಂಡಿನ ಪೆಟ್ಟಿಗೂ ಸ್ವಲ್ಪ ಸ್ವಲ್ಪ ಪುಡಿಯಾಗುತ್ತದೆ, ಬೇಸ್ ಸಡಿಲವಾಗುತ್ತದೆ, ಗುರಿ ಸರಿಯುತ್ತದೆ. ನಾಲ್ಕು ಬೆರಳು ಆಚೆ ಬಿದ್ದ ಆ ಐದನೆಯ ಗುಂಡು ಅಂಕಲ್ಲರ ಉಸಿರಿನದಲ್ಲ, ನನ್ನದು!

ಅವರಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಆಂಟಿಗೆ ಮಾಡಿದೆ.

"ಅಲ್ಲಿ ಸಿಗ್ನಲ್ ಎಲ್ಲಿ ಬರ್ತದೆ? ನಾಳೆ ಸಂಜೆ ಪೇಟೆಗೆ ಬಂದಾಗ ಮಾಡ್ತಾರೆ" ಎಂದರು ಆಂಟಿ. "ನಾಡಿದ್ದು ಕಣ್ಣಿಗೆ ಇಂಜೆಕ್ಷನ್ ಉಂಟಲ್ಲ, ನಾಳೆ ಒಂದೇ ದಿನ ಅಂತ ಒಪ್ಪಿಸಿ ಕಳಿಸಿದೀನಿ. ಎಂತ ವಿಷಯ?"

"ಏನಿಲ್ಲ ಆಂಟಿ" ಎಂದೆ. ಕೈ ತೊಳೆದೆನೋ ಇಲ್ಲವೋ, ಶೈಲಾಗೆ ಒಂದು ಮೆಸೇಜು ಹಾಕಿ ಕಾರು ಹತ್ತಿದೆ.

ಮೂರೂವರೆ ಗಂಟೆಯ ದಾರಿ. ಫ್ಲಿಂಟ್ ದಾಟುವ ಹೊತ್ತಿಗೆ ಗರಾಜಿನ ಬಾಗಿಲು ಮುಚ್ಚಿದೆನೇ ಎಂಬ ಅನುಮಾನ ಶುರುವಾಯಿತು. ಹಿಂದಿರುಗಲಿಲ್ಲ. ಕಿತ್ತಳೆ ಟೋಪಿಯ ಬೇಟೆಗಾರರನ್ನು ತುಂಬಿಕೊಂಡ ಟ್ರಕ್ಕುಗಳು ನನ್ನ ಮುಂದೆ ಹಿಂದೆ ಸಾಲುಗಟ್ಟಿ ಅದೇ ಉತ್ತರಕ್ಕೆ ಹೋಗುತ್ತಿದ್ದವು. ಅವರೆಲ್ಲರ ಮುಖದಲ್ಲೂ ಹಬ್ಬವಿತ್ತು. ನಾನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ತಪ್ಪೊಪ್ಪಿಗೆಯ ಮಾತುಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ. ರಕ್ತದ ಹನಿಗಳ ಹಿಂದೆ ಹಿಮದಲ್ಲಿ ನಡೆಯುವ ಮುದುಕರೊಬ್ಬರು ಕಣ್ಣಿಗೆ ಕಟ್ಟಿದಾಗ ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ತಪ್ಪಿತು. ಆರು ಮೈಲಿ ಹೋಗಿ ತಿರುಗಿ ಬಂದೆ.

ಕ್ಯಾಬಿನ್ ತಲುಪಿದಾಗ ನಾಲ್ಕು ಗಂಟೆ ದಾಟಿತ್ತು, ಬೆಳಕು ಆಗಲೇ ಇಳಿಯುತ್ತಿತ್ತು. ಬಾಗಿಲು ತೆರೆದ ಅಂಕಲ್ ನನ್ನನ್ನು ನೋಡಿ ಬಿಳಿಚಿಕೊಂಡರು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಮುತ್ತುಗೆ ಎಂತಾಯ್ತು?"

"ಆಂಟಿ ಚೆನ್ನಾಗಿದಾರೆ ಅಂಕಲ್. ಎಲ್ಲಾ ಚೆನ್ನಾಗಿದಾರೆ. ನಾನೇ…" ಅಭ್ಯಾಸ ಮಾಡಿದ ಮಾತೆಲ್ಲ ಮರೆತುಹೋಯಿತು. ಫೋನು ತೆಗೆದು ಫೋಟೋ ತೋರಿಸಿದೆ. "ಇದನ್ನ ಒರೆಸಿದೀನಾ ಅಂತ ನೆನಪಿಲ್ಲ."

ಅವರು ಫೋನನ್ನು ಮೂಗಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು. ನಾನು ಬೈಗುಳಕ್ಕೆ ತಯಾರಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಿಚ್ಚಿ ನೋಡುವ" ಎಂದರು.

ಒರೆಸುವ ಸ್ಪಿರಿಟ್ಟು, ಅಳತೆಯಿಟ್ಟು ಬಿಗಿಯುವ ಸ್ಕ್ರೂಡ್ರೈವರು ಕಾರಿನ ಡಿಕ್ಕಿಯಲ್ಲಿದ್ದವು. ತರಲು ಹೋದೆ. ಕತ್ತಲಾಗುತ್ತಿದ್ದ ಡಿಕ್ಕಿಯಲ್ಲಿ ತಡಕಾಡಿ ವಾಪಸು ಬರುವಷ್ಟರಲ್ಲಿ ಅಂಕಲ್ ತಮ್ಮದೇ ಅಲೆನ್ ಕೀಯಿಂದ ಬೇಸನ್ನು ಬಿಚ್ಚಿ, ಅಂಗಿಯ ತುದಿಯಿಂದ ಉಜ್ಜುತ್ತಾ ಕಿಟಕಿಯ ಬಳಿ ನಿಂತಿದ್ದರು.

"ಇತ್ತು ಮಾರಾಯ. ಹಳದಿ ಪುಡಿ. ಒರೆಸಿಬಿಟ್ಟೆ. ನೀನು ಬಂದಿದ್ದು ಒಳ್ಳೇದಾಯ್ತು."

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯಿಲ್ಲ. ನನ್ನ ಈ ಹಾಳು ಅನುಮಾನ ಜೀವನದಲ್ಲಿ ಒಂದು ಸಲವಾದರೂ ಕೆಲಸಕ್ಕೆ ಬಂತಲ್ಲ! ಬೇಸನ್ನು ಮತ್ತೆ ಕೂರಿಸಿದೆ, ಬಿಗಿದೆ. ಬಿಗಿದ ಮೇಲಷ್ಟೇ ಮಿಕ್ಕದ್ದು ಹೊಳೆಯಿತು. ಬಿಚ್ಚಿ ಕೂರಿಸಿದ ಸ್ಕೋಪಿನ ಗುರಿ ಮತ್ತೆ ಹೊಡೆದು ನೋಡುವವರೆಗೆ ನಂಬುವಂಥದ್ದಲ್ಲ. ಸೀಸನ್ನಿನ ಹಿಂದಿನ ದಿನ ಆ ಕಾಡಿನಲ್ಲಿ ಗುಂಡು ಹಾರಿಸುವಂತಿಲ್ಲ. ಹತ್ತಿರದ ರೇಂಜು ನಲವತ್ತು ಮೈಲಿ, ಅದೂ ಮುಚ್ಚಿರುತ್ತದೆ.

"ಅಂಕಲ್, ನಾಳೆ ಬೆಳಿಗ್ಗೆ ಮೊದಲು ಒಂದು ಕಾಗದಕ್ಕೆ…"

"ಸೀಸನ್ನಿನ ಮೊದಲ ಗುಂಡು ಕಾಗದಕ್ಕೆ ಹೊಡೆದ್ರೆ ಸುತ್ತ ಇರೋ ಕ್ಯಾಂಪಿನವರೆಲ್ಲ ಬಂದು ನನ್ನ ಹೊಡೀತಾರೆ" ಎಂದು ನಕ್ಕರು. "ಗೊತ್ತು ನಂಗೆ. ಕಾಫಿ ಕುಡಿ."

ಬೆಳಿಗ್ಗೆ ಅವರ ಹಳೆಯ ಕಿತ್ತಳೆ ಜಾಕೆಟ್ಟು ತೊಟ್ಟು ನಾನೂ ಅವರ ಪಕ್ಕ, ಬೇಟೆಗಾರರು ಅಡಗಿ ಕೂರುವ ಮರದ ಗೂಡಿನಲ್ಲಿ ಕೂತೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹದಿನೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ದೂರದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿನ ಸದ್ದು. ಎಂಟು ಗಂಟೆಯ ಸುಮಾರಿಗೆ ದೇವದಾರು ಮರಗಳ ನಡುವಿನಿಂದ ಅದು ಬಂತು. ಗಂಡು ಜಿಂಕೆ, ಎಂಟು ಕವಲಿನ ಕೊಂಬು. ತೊಂಬತ್ತು ಗಜ ಇದ್ದೀತು. ಪಕ್ಕಕ್ಕೆ ತಿರುಗಿ ನಿಂತು ನೆಲ ಮೂಸಿತು. ಅಂಕಲ್ ಬಂದೂಕನ್ನು ಹೆಗಲಿಗೆ ಏರಿಸಿದರು, ಕಣ್ಣು ಸ್ಕೋಪಿಗೆ ಹೋಯಿತು. ನಾನು ಜಿಂಕೆಯನ್ನು ನೋಡಲಿಲ್ಲ, ಅವರ ಬೆರಳನ್ನು ನೋಡುತ್ತಿದ್ದೆ. ಬೆರಳು ಬಂದೂಕಿನ ಕುದುರೆಯ ಮೇಲೆ ಕೂತಿತು. ಅವರ ಬಾಯಿಂದ ಬರುತ್ತಿದ್ದ ಹಬೆ ನಿಂತಿತು. ನಾನೂ ಉಸಿರು ಹಿಡಿದೆ. ಹೊಡೆಯಲಿ ಎಂದು ಬೇಡಿಕೊಂಡೆನೋ, ಬೇಡ ಎಂದು ಬೇಡಿಕೊಂಡೆನೋ ಈಗಲೂ ಗೊತ್ತಿಲ್ಲ. ಆಮೇಲೆ ಆ ಹಬೆ ನಿಧಾನವಾಗಿ ಹೊರಬಂತು. ಬೆರಳು ಈಚೆಗೆ ಬಂತು. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡರು. ಜಿಂಕೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಮೇಯ್ದು ಹೋಯಿತು.

"ಚೆನ್ನಾಗಿ ಕಾಣ್ತದೆ ಮಾರಾಯ ನಿನ್ನ ಸ್ಕೋಪಲ್ಲಿ" ಎಂದರು. "ರೆಪ್ಪೆ ಕೂಡ ಕಾಣ್ತಿತ್ತು."

ಮತ್ತೇನೂ ಬರಲಿಲ್ಲ. ಸಂಜೆ ನನ್ನ ಕಾರಿನ ಹಿಂದೆ ಅವರ ಕಾರು, ಹೀಗೆ ಇಬ್ಬರೂ ಕ್ಯಾಂಟನ್ನಿಗೆ ಮರಳಿದೆವು. ಜನವರಿಯಲ್ಲಿ ಅವರು ಡ್ರೈವಿಂಗ್ ಬಿಟ್ಟರು. ಸೀಸನ್ ತಪ್ಪಿಹೋಯಿತು ಎಂಬ ಸಂಕಟ ನನಗಿತ್ತು, ಆದರೆ ಒಂದು ಪ್ರಾಣಿಯನ್ನು ನರಳುವುದರಿಂದ, ಅವರನ್ನು ಅದರ ಹಿಂದೆ ಅಲೆಯುವುದರಿಂದ ತಪ್ಪಿಸಿದೆ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಿತ್ತು. ನಾಲ್ಕು ಜನ ಸೇರಿದ ಕಡೆಯೆಲ್ಲ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅದರಲ್ಲಿ ನಾನು ದಿನೇ ದಿನೇ ದೊಡ್ಡವನಾದೆ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಶೈಲಾ ಫೋನಿನಲ್ಲಿ ಜಾಗವಿಲ್ಲವೆಂದು ಹಳೆಯ ವಿಡಿಯೋಗಳನ್ನು ಅಳಿಸುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ನಗತೊಡಗಿದಳು. "ರೀ, ನಿಮ್ಮ ಹುಚ್ಚು ನೋಡಿ ಇಲ್ಲಿ. ತಂಗಿಗೆ ಕಳಿಸ್ಬೇಕು ಅಂತ ತೆಗೆದಿದ್ದೆ, ಮರೆತೇಬಿಟ್ಟೆ."

ಅಂಕಲ್ಲರ ಗರಾಜು. ಸೆಪ್ಟೆಂಬರಿನ ಆ ಶನಿವಾರ. ಊಟಕ್ಕೆ ಕರೆಯಲು ಬಂದವಳು ನನಗೆ ತಿಳಿಯದಂತೆ ತೆಗೆದದ್ದು. ಬಗ್ಗಿ ಕೂತಿರುವ ನಾನು ಬೇಸನ್ನು ಬೋರಲು ಹಿಡಿದು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸುತ್ತೇನೆ. ಬಟ್ಟೆಯ ಮೇಲೆ ಹಳದಿ. ಬೆಳಕಿಗೆ ಹಿಡಿದು ನೋಡುತ್ತೇನೆ. ಇನ್ನೊಂದು ಬಟ್ಟೆಯಿಂದ ಮತ್ತೆ ಒರೆಸುತ್ತೇನೆ. ಉಗುರಿನಿಂದ ಕೆರೆದು ನೋಡಿ ಮೂರನೆಯ ಸಲ ಒರೆಸುತ್ತೇನೆ. ಶೈಲಾಳ ದನಿ: "ಸಾಕು ರೀ, ಅದು ಗನ್ನು, ಮಗು ಅಲ್ಲ." ನಾನು ತಲೆಯೆತ್ತದೆ ಬೇಸನ್ನು ಬಂದೂಕಿನ ಮೇಲಿಟ್ಟು ಸ್ಕ್ರೂ ಹಾಕುತ್ತೇನೆ.

ಮೂರು ಸಲ ನೋಡಿದೆ. ಉಕ್ಕು ಹೊಳೆಯುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

ವಿಡಿಯೋವನ್ನು ನನ್ನ ಫೋನಿಗೆ ಹಾಕಿಸಿಕೊಂಡು ನಡೆದುಕೊಂಡೇ ಅವರ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದಿದ್ದೆನೋ, ಜಗಳ ಆಡಬೇಕೆಂದಿದ್ದೆನೋ, ಎರಡೂ ಇತ್ತು. ಅವರ ಕೊನೆಯ ಸೀಸನ್ನನ್ನು ನಾನು ಹಾಳು ಮಾಡಿದ್ದೆ. ಬೇಸ್‌ನ ಅಡಿ ಏನೂ ಇಲ್ಲವೆಂಬುದನ್ನು ಕಿಟಕಿಯ ಬಳಿ ನಿಂತು ಒಂದು ನಿಮಿಷದಲ್ಲಿ ಕಂಡುಕೊಂಡ ಅವರು, ನಾನು ಡಿಕ್ಕಿಯಿಂದ ಬರುವಷ್ಟರಲ್ಲಿ ಹೇಳಬೇಕಾದ ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದರು.

ಅಂಕಲ್ ಹಿತ್ತಿಲ ಡೆಕ್ಕಿನಲ್ಲಿ ಬಿಸಿಲಿಗೆ ಕೂತಿದ್ದರು. ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು, "ಬಾ, ಕೂತ್ಕೋ" ಎಂದರು.

"ಅಂಕಲ್, ಅವತ್ತು ನಿಜವಾಗ್ಲೂ ಗಂಧ ಇತ್ತಾ?"

ಅವರು ನನ್ನತ್ತ ತಿರುಗಲಿಲ್ಲ. "ಇತ್ತು ಅಂದೆನಲ್ಲ" ಎಂದರು. "ನೀನು ಬರದೇ ಹೋಗಿದ್ರೆ ಆ ಜಿಂಕೆ ಗಾಯ ಮಾಡ್ಕೊಂಡು ಎಲ್ಲಿ ಬಿದ್ದು ಸಾಯ್ತಿತ್ತೋ. ಪುಣ್ಯ ಕಟ್ಕೊಂಡೆ ನೀನು."

ಆಂಟಿ ಒಳಗಿನಿಂದ ಎರಡು ಕಾಫಿ ತಂದಿಟ್ಟು ಹೋದರು. ಫೋನು ಜೇಬಿನಲ್ಲೇ ಇತ್ತು. ನಾನು ಅದನ್ನು ಹೊರಗೆ ತೆಗೆಯಲಿಲ್ಲ.

"ಹೌದು ಅಂಕಲ್" ಎಂದೆ.